ಮಳೆ ನೀರು ಉಪ್ಪು ಎಂತಕ್ಕಿಲ್ಲ? ತರಗತಿಯ ಬಗ್ಗೆ ಓದುವ ಹಾಗೆ ಬರೆಯುವುದು

ಪ್ರಶ್ನೆ: ನಾನು ಕಾರವಾರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 12 ವರ್ಷದಿಂದ ಶಿಕ್ಷಕಿ. ಪಾಠ ಮಾಡಿದ ಅನುಭವವನ್ನು ಬರೆಯಬೇಕು ಎಂಬ ಆಸೆ ಇದೆ. ಆರು ಲೇಖನ ಬರೆದೆ. ಓದಿದವರು "ಚೆನ್ನಾಗಿದೆ ಮೇಡಂ" ಅನ್ನುತ್ತಾರೆ, ಮುಂದೆ ಮಾತಿಲ್ಲ. ನನಗೇ ಓದಿದರೆ ಶಿಕ್ಷಕರ ದಿನಾಚರಣೆಯ ಭಾಷಣದ ಹಾಗೆ ಕಾಣುತ್ತದೆ. ಒಂದನ್ನು ಜೊತೆಗೆ ಕಳಿಸಿದ್ದೇನೆ. ಪಾಠ, ಶಾಲೆ, ಶಿಕ್ಷಣದ ಬಗ್ಗೆ ಬರೆದದ್ದು ಓದುವ ಹಾಗೆ ಆಗುವುದು ಯಾವುದರಿಂದ? ಏನು ಬರೆಯಬೇಕು, ಏನು ಬಿಡಬೇಕು?

ಉತ್ತರ: ನಮಸ್ಕಾರ ಅಕ್ಕೋರೆ. ನಿಮ್ಮ ಲೇಖನ ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ನಿಮ್ಮ ಪ್ರಶ್ನೆಗೆ ಉತ್ತರವೂ ಅದೇ ಸಾಲಿನಲ್ಲಿದೆ, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂರನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: "ಜಲಚಕ್ರದ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿಯು ಮಳೆ ನೀರು ಏಕೆ ಉಪ್ಪಾಗಿರುವುದಿಲ್ಲ ಎಂದು ಪ್ರಶ್ನಿಸಿದನು. ಆತನ ಸಂದೇಹವನ್ನು ಚಟುವಟಿಕೆಯ ಮೂಲಕ ಪರಿಹರಿಸಲಾಯಿತು. ಮಕ್ಕಳು ಸಂತಸದಿಂದ ಕಲಿತರು."

ಮೂರು ವಾಕ್ಯ, ಮುಗೀತು. ಅದರ ಮುಂದೆ ಹಿಂದೆ ನಾಲ್ಕು ಪುಟ ಶಿಕ್ಷಕ ವೃತ್ತಿಯ ಹಿರಿಮೆ, ಮಕ್ಕಳ ಸರ್ವಾಂಗೀಣ ಅಭಿವೃದ್ಧಿ, ಬದಲಾಗುತ್ತಿರುವ ಕಾಲ. ಆ ನಾಲ್ಕು ಪುಟವನ್ನು ಯಾರು ಬೇಕಾದರೂ ಬರೆಯಬಹುದು, ಶಾಲೆಯೊಳಗೆ ಕಾಲಿಡದವರೂ ಬರೆಯಬಹುದು. ಈ ಮೂರು ವಾಕ್ಯದ ಹಿಂದೆ ಇರುವುದನ್ನು ಮಾತ್ರ ನೀವೇ ಬರೆಯಬೇಕು. ಆ ದಿನ ಆ ಕೋಣೆಯಲ್ಲಿ ಇದ್ದ ದೊಡ್ಡವರು ನೀವೊಬ್ಬರೇ ಅಲ್ವಾ?

ಆ ಹುಡುಗನ ಪ್ರಶ್ನೆ ಎಷ್ಟು ದೊಡ್ಡದು ನೋಡಿ. ಅವನು ಕಡಲಿನ ಪಕ್ಕದಲ್ಲೇ ಬೆಳೆದವನು. ಸಮುದ್ರದ ನೀರು ಬಾಯಿಗೆ ಹೋದರೆ ಹೇಗಿರುತ್ತದೆ ಅಂತ ಅವನ ನಾಲಿಗೆಗೆ ಗೊತ್ತು. ಜೂನ್ ತಿಂಗಳಲ್ಲಿ ಮಾಡಿನ ನೀರಿಗೆ ಬಾಯಿ ಒಡ್ಡಿದ್ದಾನೆ, ಅದರ ರುಚಿಯೂ ಗೊತ್ತು. ಪುಸ್ತಕ ಹೇಳುತ್ತದೆ, ಸಮುದ್ರದ ನೀರು ಆವಿಯಾಗಿ ಮೋಡವಾಗಿ ಮಳೆಯಾಗಿ ಬರುತ್ತದೆ ಅಂತ. ಹಾಗಾದರೆ ಉಪ್ಪು ಎಲ್ಲಿ ಹೋಯಿತು? ಪುಸ್ತಕದ ಮಾತನ್ನು ತನ್ನ ನಾಲಿಗೆಯ ಜೊತೆ ತಾಳೆ ನೋಡಿದ್ದಾನೆ. ಪಾಠ ನಿಜವಾಗಿ ಕಿವಿಗೆ ಬಿದ್ದಿದೆ ಅನ್ನಲು ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕೇ?

ಈಗ ನಾನು ಓದುಗನಾಗಿ ಕೇಳುತ್ತೇನೆ. ಅವನು ಯಾವ ಮಾತಿನಲ್ಲಿ ಕೇಳಿದ? "ಅಕ್ಕೋರೆ, ಹಂಗಾರೆ ಮಳೆ ನೀರು ಉಪ್ಪು ಎಂತಕ್ಕಿಲ್ಲ?" ಅಂದನೋ, ಅಥವಾ ಪಕ್ಕದವನ ಹತ್ತಿರ ಕೊಂಕಣಿಯಲ್ಲಿ ಪಿಸುಗುಟ್ಟಿದ್ದು ನಿಮ್ಮ ಕಿವಿಗೆ ಬಿತ್ತೋ? ಉಳಿದ ಮಕ್ಕಳು ನಕ್ಕರೋ, ಸುಮ್ಮನಿದ್ದರೋ? ನಿಮಗೆ ತಕ್ಷಣ ಉತ್ತರ ಹೊಳೆಯಿತಾ? "ಚಟುವಟಿಕೆ" ಅಂದಿರಲ್ಲ, ಏನು ಮಾಡಿದಿರಿ? ತಟ್ಟೆಯಲ್ಲಿ ಸಮುದ್ರದ ನೀರು ಇಟ್ಟಿರಾ? ಕಾಯಿಸಿದಿರಾ? ಎಷ್ಟು ನೀರು, ಎಷ್ಟು ದಿನ ಬಿಸಿಲು? ತಟ್ಟೆಯ ತಳದಲ್ಲಿ ಬಿಳಿ ಪುಡಿ ಕಂಡಾಗ ಅವನು ಮೊದಲು ಆಡಿದ ಮಾತು ಯಾವುದು? ನೆಕ್ಕಿ ನೋಡಿದನಾ?

ಇದೆಲ್ಲ ನಿಮ್ಮ ಹತ್ತಿರ ಇದೆ. ಲೇಖನದಲ್ಲಿ ಇಲ್ಲ.

ನಾನು ಕರಾವಳಿಯಲ್ಲಿ 16 ವರ್ಷ ಪಾಠ ಮಾಡಿದೆ, ಆಮೇಲೆ ಶಿರಸಿ ಕಡೆ ಶಿಕ್ಷಕರ ತರಬೇತಿಯಲ್ಲಿ ಇದ್ದೆ. ಶಿಕ್ಷಕರು ಬರೆದದ್ದನ್ನು ಕಟ್ಟುಗಟ್ಟಲೆ ಓದಿದ್ದೇನೆ. ಅದರಿಂದ ನನಗೆ ಗಟ್ಟಿಯಾದ ಒಂದು ಮಾತು ಹೇಳುತ್ತೇನೆ. ಬರಹದಲ್ಲಿ ಒಂದು ಮಗು ಯೋಚನೆ ಮಾಡುವುದು ಕಾಣಬೇಕು. ಅದು ಕಂಡರೆ ಬೇರೆ ಶಿಕ್ಷಕರು ಓದುತ್ತಾರೆ, ತಂದೆ ತಾಯಿ ಓದುತ್ತಾರೆ, ಶಾಲೆ ಬಿಟ್ಟು 40 ವರ್ಷ ಆದವರೂ ಓದುತ್ತಾರೆ. ಅದು ಕಾಣದಿದ್ದರೆ ಭಾಷೆ ಎಷ್ಟೇ ಚೆಂದ ಇದ್ದರೂ "ಚೆನ್ನಾಗಿದೆ ಮೇಡಂ" ಅಷ್ಟೇ. ಮಗು ಸಂತೋಷಪಟ್ಟಿತು, ಕಲಿತಿತು, ಭಾಗವಹಿಸಿತು ಅಂದರೆ ಸಾಲದು. ಏನು ಅಂದುಕೊಂಡಿತು, ಯಾಕೆ ಹಾಗೆ ಅಂದುಕೊಂಡಿತು, ಆ ಅಂದಾಜು ಯಾವಾಗ ಬದಲಾಯಿತು ಅನ್ನುವುದು ಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಗ ನಾನು ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ಒಂದು ಹುಡುಗಿ ಉಕ್ತಲೇಖನದಲ್ಲಿ ಸಂಖ್ಯೆ ತಿರುಗಿಸಿ ಬರೆಯುತ್ತಿದ್ದಳು. ನಾನು "ಇಪ್ಪತ್ತೈದು" ಅಂದರೆ 52. "ಮೂವತ್ತೆರಡು" ಅಂದರೆ 23. ಐವತ್ತು, ಅರವತ್ತು ಸರಿ ಬರೆಯುತ್ತಿದ್ದಳು. ನಾನು ಕೆಂಪು ಗೆರೆ ಎಳೆದು ಹತ್ತು ಸಲ ಬರೆಸಿದೆ. ಮರುದಿನ ಮತ್ತೆ 52. ಹಿಂದುಳಿದ ಮಗು ಅಂತ ಮನಸ್ಸಿನಲ್ಲೇ ಪಟ್ಟಿಗೆ ಸೇರಿಸಿಬಿಟ್ಟೆ.

ಒಂದು ದಿನ ಅವಳ ಪಕ್ಕದಲ್ಲೇ ಕೂತು ಉಕ್ತಲೇಖನ ಹೇಳಿದೆ. "ಇಪ್ಪತ್ತೈದು" ಅಂದೆ. ಅವಳ ತುಟಿ ಅಲುಗಿತು. ಸಣ್ಣ ದನಿಯಲ್ಲಿ "ಪಂಚವೀಸ" ಅಂದಳು. ಆಮೇಲೆ 5 ಬರೆದಳು, ಅದರ ಬಲಕ್ಕೆ 2 ಬರೆದಳು.

ಅವಳ ಮನೆ ಮಾತು ಕೊಂಕಣಿ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ನಾವು ಅಂಕಿ ಬರೆಯುವುದೂ ಅದೇ ಸಾಲಿನಲ್ಲಿ. ಕೊಂಕಣಿಯಲ್ಲಿ ಐದು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. 32 ಅಂದರೆ "ಬತ್ತೀಸ", ಅಲ್ಲೂ ಎರಡೇ ಮೊದಲು. ಮರಾಠಿ, ಹಿಂದಿ, ಉರ್ದುವಿನಲ್ಲೂ ಹೀಗೇ. ಆ ಮಗು ನನ್ನ ಕನ್ನಡವನ್ನು ತನ್ನ ಭಾಷೆಗೆ ತಿರುಗಿಸಿ, ಅರ್ಥ ಮಾಡಿಕೊಂಡು, ಕೇಳಿದ ಸಾಲಿನಲ್ಲೇ ಸರಿಯಾಗಿ ಬರೆಯುತ್ತಿತ್ತು. ನಾನು ಅದಕ್ಕೆ ತಿಂಗಳುಗಟ್ಟಲೆ ಕೆಂಪು ಗೆರೆ ಎಳೆದಿದ್ದೆ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ತೆಂಗಿನ ಗರಿಯ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಕೊಟ್ಟೆ. "ಪಂಚವೀಸ ಅಂತ ಕೊಂಕಣಿಯಲ್ಲೇ ಹೇಳು, ಎಷ್ಟು ಕಟ್ಟು, ಎಷ್ಟು ಬಿಡಿ ಕಡ್ಡಿ ತೋರಿಸು" ಅಂದೆ. ಎರಡು ಕಟ್ಟು ಎಡಕ್ಕೆ, ಐದು ಕಡ್ಡಿ ಬಲಕ್ಕೆ ಇಟ್ಟಳು. ಕಟ್ಟಿನ ಕೆಳಗೆ ಕಟ್ಟಿನ ಅಂಕಿ, ಕಡ್ಡಿಯ ಕೆಳಗೆ ಕಡ್ಡಿಯ ಅಂಕಿ. ಮೂರು ವಾರ ಹಿಡಿಯಿತು. ಆಮೇಲೆ ತಪ್ಪಲಿಲ್ಲ.

ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗ ಇದ್ದ. ಅವನು ಇಪ್ಪತ್ತೈದಕ್ಕೆ 205 ಅಂತ ಬರೆಯುತ್ತಿದ್ದ. ಅವನ ಮನೆಯಲ್ಲಿ ಕನ್ನಡ. ಅವನು ಇಪ್ಪತ್ತನ್ನು 20 ಅಂತ ಪೂರ್ತಿ ಬರೆದು ಪಕ್ಕಕ್ಕೆ 5 ಅಂಟಿಸುತ್ತಿದ್ದ. ಇಬ್ಬರ ಪುಸ್ತಕದಲ್ಲೂ ಕೆಂಪು ಗೆರೆ ಒಂದೇ ಥರ ಕಾಣುತ್ತಿತ್ತು, ಒಳಗಿನ ಕಾರಣ ಪೂರಾ ಬೇರೆ. ಅವನಿಗೆ ಕಡ್ಡಿಯ ಕಟ್ಟು ಕೊಟ್ಟೂ ಆಗಲಿಲ್ಲ. 20 ಬರೆದ ಚೀಟಿಯ ಸೊನ್ನೆಯ ಮೇಲೆ 5 ಬರೆದ ಚೀಟಿ ಕೂರಿಸಿ ತೋರಿಸಿದ ಮೇಲೆ ಆಯಿತು.

ಇಷ್ಟನ್ನು ನಾನು ಬರೆದು, ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಓದಿದ್ದೆ. ಓದಿ ಮುಗಿಸುವಷ್ಟರಲ್ಲಿ ನಾಲ್ಕು ಜನ ಎದ್ದು ನಿಂತರು. "ನನ್ನ ತರಗತಿಯಲ್ಲೂ ಒಬ್ಬ ಇದ್ದಾನೆ, ಅವರ ಮನೆಯಲ್ಲಿ ಮರಾಠಿ" ಅಂದರು ಒಬ್ಬರು. ಇನ್ನೊಬ್ಬರು ಮರುದಿನವೇ ಚೀಟಿ ಕತ್ತರಿಸಿದರಂತೆ. ನನ್ನ ಭಾಷೆ ಚೆನ್ನಾಗಿತ್ತು ಅಂತ ಅಲ್ಲ. ಅವರ ತರಗತಿಯ ಮಗು ನನ್ನ ಕಾಗದದಲ್ಲಿ ಕಂಡಿತು.

ಘಟ್ಟದ ಮೇಲಿನ ಒಬ್ಬ ಮಾಸ್ತರರ ಬರಹವೂ ನೆನಪಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಕ್ಕಳು ಶಾಲೆ ತಪ್ಪಿಸುವುದು ನಮ್ಮ ಕಡೆ ಹೊಸದಲ್ಲ. ಎಲ್ಲರೂ ಅದನ್ನು ದೂರಿ ಬರೆಯುತ್ತಾರೆ. ಇವರು ಮಾತ್ರ ಸಂಜೆ ಒಂದು ಮನೆಯ ಅಂಗಳಕ್ಕೆ ಹೋಗಿ ಕೂತರು. ಅಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೂಲಿ ಕಿಲೋ ಲೆಕ್ಕ. ಇವರ ಐದನೇ ತರಗತಿಯ ಹುಡುಗಿ ಅಮ್ಮನ ಕೂಲಿ ಲೆಕ್ಕ ಹಾಕುತ್ತಿದ್ದಳು. ಮಾಸ್ತರರು ಕೇಳಿದರು, ಕಿಲೋಗೆ 12 ರೂಪಾಯಿ ಆದರೆ 17 ಕಿಲೋಗೆ ಎಷ್ಟು? ಹುಡುಗಿ ಕಣ್ಣು ಮಿಟುಕಿಸುವಷ್ಟರಲ್ಲಿ 204 ಅಂದಳು. ಹೇಗೆ? "ಹತ್ತು ಕಿಲೋಗೆ 120, ಐದಕ್ಕೆ 60, ಎರಡಕ್ಕೆ 24." ಶಾಲೆಯ ಪುಸ್ತಕದಲ್ಲಿ ಅದೇ ಹುಡುಗಿ 12 ಗುಣಿಸು 17ಕ್ಕೆ 96 ಅಂತ ಬರೆದಿದ್ದಳು. 84 ಬರೆದು, ಅದರ ಕೆಳಗೆ 12 ಬರೆದು, ಒಂದು ಮನೆ ಎಡಕ್ಕೆ ಸರಿಸದೆ ಕೂಡಿಬಿಟ್ಟಿದ್ದಳು. ಮಾಸ್ತರರು ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆದು ಲೇಖನ ಮುಗಿಸಿದ್ದರು. ಎರಡೇ ಪುಟ. ಆ 12 ಅನ್ನುವುದು ನಿಜವಾಗಿ ಹತ್ತು ಕಿಲೋದ 120 ಅಂತ ಆ ಹುಡುಗಿಗೆ ಹೇಗೆ ತೋರಿಸಬೇಕು ಅನ್ನುವುದು ಓದಿದ ಪ್ರತಿ ಶಿಕ್ಷಕರಿಗೂ ತಾನಾಗೇ ಹೊಳೆಯುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾಸ್ತರಿಕೆ ಮಾಡುತ್ತಲೇ ಬರೆದವರ ಸಾಲು ದೊಡ್ಡದು. ಗೋಕರ್ಣದ ಗೌರೀಶ ಕಾಯ್ಕಿಣಿ, ಅಂಕೋಲೆಯ ವಿಷ್ಣು ನಾಯ್ಕ, ಹೀಗೆ. ದಿನಕರ ದೇಸಾಯಿ ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದರು, ಚುಟುಕನ್ನೂ ಬರೆದರು. ಕವಿತೆ, ಕಥೆ, ವಿಮರ್ಶೆ ನಮ್ಮಲ್ಲಿ ಬೇಕಾದಷ್ಟಿದೆ. ಆದರೆ 52ರಲ್ಲಿ 27 ಕಳೆಯುವಾಗ ಮಗು 35 ಅಂತ ಯಾಕೆ ಬರೆಯುತ್ತದೆ ಅನ್ನುವುದರ ಮೇಲೆ ಕನ್ನಡದಲ್ಲಿ ನಾನು ಓದಿದ್ದು ಬಹಳ ಕಡಿಮೆ. "ಏಳರಲ್ಲಿ ಎರಡು ಹೋದರೆ ಐದು" ಅಂತ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಡುತ್ತದೆ ಅಷ್ಟೇ. ಪ್ರತಿ ಊರಿನ ಪ್ರತಿ ಶಾಲೆಯಲ್ಲಿ ಪ್ರತಿ ವರ್ಷ ನಡೆಯುವ ಸಂಗತಿ ಇದು. ಇದನ್ನು ಬರೆಯುವವರು ಬೇಕು. ನಿಮಗೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದೂ ಅದಕ್ಕೇ.

ಇನ್ನು ನಿಮ್ಮ ಬರಹದ ಬೇರೆ ಕೆಲವು ವಿಷಯ.

ನಿಮ್ಮ ತರಗತಿಯ ಅಳತೆ ಕೊಡಿ. ಎಷ್ಟು ಮಕ್ಕಳು, ಯಾವ ತರಗತಿ, ಎಷ್ಟು ನಿಮಿಷ, ಮನೆಯಲ್ಲಿ ಯಾವ ಭಾಷೆ. ಲೇಖನದಲ್ಲಿ ಇದು ಒಂದೂ ಇಲ್ಲ. ಒಂದು ವಾಕ್ಯ ಸಾಕು. ಯಾಕೆ ಬೇಕು ಅಂದರೆ, ಕಾರವಾರ ಪೇಟೆಯ ಶಾಲೆಯಲ್ಲಿ 40 ಮಕ್ಕಳ ನಡುವೆ ಮಾಡಿದ್ದು ಬೇರೆ, ಜೋಯಿಡಾದ ಕಾಡಿನ ನಡುವೆ ಒಂಬತ್ತು ಮಕ್ಕಳ ಶಾಲೆಯಲ್ಲಿ ಮಾಡಿದ್ದು ಬೇರೆ. ಅಲ್ಲಿ ಒಬ್ಬರೇ ಶಿಕ್ಷಕರು ಒಂದರಿಂದ ಐದರವರೆಗೆ ನೋಡಿಕೊಳ್ಳಬೇಕು. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಏಣಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿ) ನೋಡಿ, ತಮ್ಮ ತಮ್ಮ ಕಾರ್ಡ್ ತೆಗೆದುಕೊಂಡು ತಟ್ಟೆಗೆ, ಅಂದರೆ ತಮ್ಮ ಗುಂಪು ಕೂರುವ ಜಾಗಕ್ಕೆ, ಹೋಗುತ್ತಾರೆ. ಅಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಅಂತ ಅಲ್ಲ, ರ ಗ ಸ ದ ಅ ಅಂತ. ಇದು ಗೊತ್ತಿಲ್ಲದ ತಾಯಿ ಮನೆಯಲ್ಲಿ "ಅ ಆ ಬರಲ್ಲ ನಿಂಗೆ" ಅಂತ ಮಗುವಿಗೆ ಬೈಯುತ್ತಾಳೆ. ನೀವು ಅದನ್ನು ಎರಡು ವಾಕ್ಯದಲ್ಲಿ ಬಿಡಿಸಿ ಹೇಳಿದರೆ ಆ ತಾಯಿಗೂ ನಿಮ್ಮ ಬರಹ ಬೇಕಾಗುತ್ತದೆ. ಐದು ಅಕ್ಷರ ಕಲಿತ ಕೂಡಲೇ ಮಗು "ಅರಸ", "ಸರ", "ಗರಗಸ" ಅಂತ ಓದಬಹುದು, ಅದಕ್ಕೇ ಹಾಗೆ ಜೋಡಿಸಿದ್ದು ಅಂತ.

ಯಾವುದು ಆಗಲಿಲ್ಲ ಅನ್ನುವುದನ್ನೂ ಬರೆಯಿರಿ. ನಿಮ್ಮ ಲೇಖನದಲ್ಲಿ ಮಾಡಿದ್ದೆಲ್ಲ ಗೆದ್ದಿದೆ. ಹಾಗೆ ಯಾವ ಶಾಲೆಯೂ ನಡೆಯುವುದಿಲ್ಲ ಅಂತ ಓದುವ ಶಿಕ್ಷಕರಿಗೆ ಗೊತ್ತು. ಅವರು ಮೂರನೇ ಪುಟಕ್ಕೆ ನಂಬುವುದನ್ನು ಬಿಡುತ್ತಾರೆ. ಜೊತೆಗೆ, ಅವತ್ತೇ ಮಕ್ಕಳು ಸರಿ ಉತ್ತರ ಹೇಳಿದರು ಅಂತ ನಿಲ್ಲಿಸಬೇಡಿ. 15 ದಿನ ಬಿಟ್ಟು ಮತ್ತೆ ಕೇಳಿ. ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಜಾನ್ ಡನ್‌ಲಾಸ್ಕಿ ಮತ್ತು ಅವರ ಜೊತೆಗಾರರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದರು. ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರಿಸುವುದು, ನಡುವೆ ದಿನ ಬಿಟ್ಟು ಮತ್ತೆ ಅಭ್ಯಾಸ ಮಾಡುವುದು, ಈ ಎರಡೇ ಎಲ್ಲಕ್ಕಿಂತ ಹೆಚ್ಚು ಉಪಯೋಗ ಅಂತ ಕಂಡಿತು. ಅಡಿಗೆರೆ ಎಳೆಯುವುದು, ಸುಮ್ನೆ ಮತ್ತೆ ಮತ್ತೆ ಓದುವುದು ಕೆಳಗಿದ್ದವು. ಹಾಗಾಗಿ 15 ದಿನ ಬಿಟ್ಟು ಕೇಳುವುದರಿಂದ ಮಕ್ಕಳಿಗೂ ಲಾಭ, ನಿಮ್ಮ ಬರಹಕ್ಕೂ ಲಾಭ.

ಎರಡನೇ ಪುಟದಲ್ಲಿ ನೀವು ಒಂದು ಲೆಕ್ಕ ಕೊಟ್ಟಿದ್ದೀರಿ. ಓದಿದ್ದರಲ್ಲಿ 10 ಪ್ರತಿಶತ, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30, ಮಾಡಿದ್ದರಲ್ಲಿ 90 ಪ್ರತಿಶತ ನೆನಪಿರುತ್ತದೆ ಅಂತ. ತರಬೇತಿಗಳಲ್ಲಿ ಇದನ್ನು ತ್ರಿಕೋನದ ಚಿತ್ರ ಮಾಡಿ ತೋರಿಸುತ್ತಾರೆ, ನಾನೂ ಒಂದು ಕಾಲದಲ್ಲಿ ತೋರಿಸಿದ್ದೆ. ದಯವಿಟ್ಟು ತೆಗೆಯಿರಿ. ಎಡ್ಗರ್ ಡೇಲ್ ಅನ್ನುವವರು 1946ರಲ್ಲಿ ಕಲಿಕೆಯ ಅನುಭವಗಳನ್ನು ಶಂಕುವಿನ ಆಕಾರದಲ್ಲಿ ಜೋಡಿಸಿದ ಒಂದು ಚಿತ್ರ ಕೊಟ್ಟಿದ್ದರು, ಅದರಲ್ಲಿ ಯಾವ ಪ್ರತಿಶತವೂ ಇರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಸೇರಿಸಿದ್ದು. ಎಲ್ಲವೂ ಹತ್ತು ಹತ್ತರ ಗುಂಡು ಸಂಖ್ಯೆಯಲ್ಲಿ ಬಂದಾಗಲೇ ಅನುಮಾನ ಬರಬೇಕಿತ್ತು. ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು, ಮಾಡಿ ಕಲಿಯುವ ಮಗು ಅಂತ ಬೇರೆ ಬೇರೆ ಇರುತ್ತಾರೆ, ಹಾಗೇ ಬೇರೆ ಬೇರೆ ಕಲಿಸಬೇಕು ಅನ್ನುವ ಮಾತೂ ಇದೇ ಥರ. ಹೆರಾಲ್ಡ್ ಪ್ಯಾಷ್ಲರ್ ಮತ್ತು ಇತರರು 2008ರಲ್ಲಿ ಅದಕ್ಕೆ ಸಾಕಷ್ಟು ಆಧಾರ ಇದೆಯಾ ಅಂತ ಹುಡುಕಿದರು, ಸಿಗಲಿಲ್ಲ. ಮಕ್ಕಳ ಜೊತೆ ದಿನವಿಡೀ ಇರುವ ನಿಮಗೆ ಇಂಥ ಎರವಲು ಅಂಕಿ ಬೇಕಾಗಿಲ್ಲ.

ಅಧ್ಯಯನ ಬೇಡ ಅಂತ ಅಲ್ಲ. ನಿಮ್ಮ ಕೋಣೆಯಲ್ಲಿ ಪರೀಕ್ಷೆ ಮಾಡಿ ನೋಡಬಹುದಾದದ್ದನ್ನು ಆರಿಸಿಕೊಳ್ಳಿ. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಗಮನಿಸಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ಒಂದು ವಾರ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ. ಮೊದಲ ದಿನ ಆ ಮೂರು ಸೆಕೆಂಡು ಮೂರು ನಿಮಿಷದಷ್ಟು ಉದ್ದ ಅನಿಸುತ್ತದೆ. ಹಿಂದಿನ ಬೆಂಚಿನಿಂದ ಯಾರ ದನಿ ಬಂತು ಅಂತ ಬರೆದಿಡಿ. ಅದೂ ಒಂದು ಲೇಖನವೇ.

ಭಾಷೆಯ ವಿಷಯ ಹೆಚ್ಚು ಹೇಳುವುದಿಲ್ಲ. ತರಬೇತಿ ಕೈಪಿಡಿಯ ಮಾತು ಕಡಿಮೆ ಮಾಡಿ. ಸಂತಸದಾಯಕ ಕಲಿಕೆ, ಸುಗಮಕಾರರು, ಕಲಿಕಾ ಫಲಗಳು, ಇವು ವರದಿಗೆ ಇರಲಿ. "ಪರಿಹರಿಸಲಾಯಿತು" ಅಂದಾಗ ಯಾರು ಪರಿಹರಿಸಿದ್ದು ಅಂತಲೇ ಗೊತ್ತಾಗುವುದಿಲ್ಲ, "ನಾನು ಮಾಡಿದೆ" ಅನ್ನಿ. ಮಕ್ಕಳ ಮಾತನ್ನು ಮಾತ್ರ ತಿದ್ದಬೇಡಿ. "ಪ್ರಶ್ನಿಸಿದನು" ಅಂತ ಬರೆದ ಕೂಡಲೇ ಆ ಹುಡುಗ ನಮ್ಮೂರಿನವನಾಗಿ ಉಳಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ನಾನು ಏಟು ತಿಂದು ಕಲಿತದ್ದು.

ಬಹಳ ಹಿಂದೆ ಒಬ್ಬ ಹುಡುಗನ ಬಗ್ಗೆ ಬರೆದಿದ್ದೆ. ತಂದೆ ಕುಡಿಯುತ್ತಿದ್ದರು, ಹುಡುಗ ನಿದ್ದೆಗೆಟ್ಟು ಶಾಲೆಗೆ ಬರುತ್ತಿದ್ದ. ಕರುಣೆಯಿಂದಲೇ ಬರೆದೆ, ಹೆಸರು ಬದಲಿಸಿದ್ದೆ. ಲೇಖನ ಅಚ್ಚಾಗಿ ವಾರದೊಳಗೆ ಅವನ ತಾಯಿ ಶಾಲೆಗೆ ಬಂದರು. ಕೈಯಲ್ಲಿ ಆ ಹಾಳೆ ಇತ್ತು, ನಾಲ್ಕಾಗಿ ಮಡಚಿತ್ತು. ಬೈಯಲಿಲ್ಲ. "ಮಾಸ್ತರೆ, ನಮ್ಮ ಮನೆ ಅಂತ ಎಲ್ಲರಿಗೂ ಗೊತ್ತಾತು" ಅಂದರು, ಹಾಳೆಯನ್ನು ಮೇಜಿನ ಮೇಲೆ ಇಟ್ಟು ಹೋದರು. ಹತ್ತು ಮನೆಯ ಊರಿನಲ್ಲಿ ಹೆಸರು ಬದಲಿಸಿದರೆ ಏನೂ ಬದಲಾಗುವುದಿಲ್ಲ. ಬೋಟಿಗೆ ಹೋಗುವ ಅಪ್ಪ, ಶಾಲೆಯ ಹಿಂದಿನ ಮನೆ, ನಾಲ್ಕನೇ ತರಗತಿ, ಇಷ್ಟು ಸಾಕು ಗುರುತು ಹಿಡಿಯಲು.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮಗುವಿನ ಲೆಕ್ಕ, ಮಗುವಿನ ಪ್ರಶ್ನೆ, ಮಗುವಿನ ತಪ್ಪು ಬರೆಯುತ್ತೇನೆ. ಮನೆಯ ಕಷ್ಟ ಬರೆಯುವುದಿಲ್ಲ. ಬರೆದದ್ದನ್ನು ಆ ಮಗುವಿನ ತಾಯಿ ಎದುರು ಕೂತು ಓದುವುದಾದರೆ ನನ್ನ ದನಿ ನಡುಗದೆ ಓದಬಲ್ಲೆನಾ ಅಂತ ಕೇಳಿಕೊಳ್ಳುತ್ತೇನೆ. ದೌರ್ಜನ್ಯಕ್ಕೆ ಒಳಗಾದ ಮಗು, ಕೋರ್ಟು ಕಚೇರಿಯ ವಿಷಯದಲ್ಲಿ ಸಿಕ್ಕಿದ ಮಗು ಆದರೆ ಗುರುತು ಹೊರಹಾಕುವುದಕ್ಕೆ ಕಾನೂನಿನ ತಡೆಯೇ ಇದೆ. 2012ರ ಪೋಕ್ಸೊ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಎರಡರಲ್ಲೂ ಇದೆ. ಫೋಟೋವನ್ನಂತೂ ಹಾಕಲೇಬೇಡಿ. ಮಗುವಿನ ಬರವಣಿಗೆಯ ಹಾಳೆ ತೋರಿಸಬೇಕು ಅಂದರೆ ಮೇಲಿನ ಹೆಸರು ಮುಚ್ಚಿ, ಮನೆಯವರನ್ನು ಕೇಳಿ. ಮಗುವನ್ನೂ ಕೇಳಿ, ಸಣ್ಣವರಿಗೂ ಮಾನ ಇರುತ್ತದೆ. ಸರ್ಕಾರಿ ನೌಕರರ ನಡತೆ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ. ತರಗತಿಯ ಕಲಿಕೆಯ ಬರಹ ಒಂದು, ಇಲಾಖೆಯ ನೀತಿಯ ಟೀಕೆ ಇನ್ನೊಂದು. ಯಾವುದಕ್ಕೆ ಅನುಮತಿ ಬೇಕು ಅಂತ ಮೊದಲೇ ಕೇಳಿಕೊಂಡರೆ ಆಮೇಲೆ ತಲೆನೋವು ಇರುವುದಿಲ್ಲ.

ಬರೆಯಲು ಸಮಯ ಎಲ್ಲಿ ಅಂತ ನೀವು ಕೇಳಬಹುದು. ಪಾಠ ಟಿಪ್ಪಣಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ಸಭೆ, ಎಲ್ಲ ನನಗೂ ಗೊತ್ತು. ಕಿಸೆಯಲ್ಲಿ ಹಿಡಿಯುವ ಸಣ್ಣ ಪುಸ್ತಕ ಇಡಿ. ದಿನಕ್ಕೆ ನಾಲ್ಕು ಸಾಲು. ಊಟದ ಬೆಲ್ ಆದ ಮೇಲೆ ಮಕ್ಕಳು ಕೈ ತೊಳೆಯಲು ಸಾಲು ನಿಲ್ಲುವ ಹೊತ್ತು ಸಾಕು. ಯಾವ ಮಗು, ಏನು ಅಂದಿತು, ನಾನು ಏನು ಅಂದುಕೊಂಡೆ. ತಿಂಗಳಿಗೆ ಒಂದು ಸಲ ತಿರುವಿ ಹಾಕಿ. 20 ದಿನದ ಟಿಪ್ಪಣಿಯಲ್ಲಿ ಒಂದು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅದನ್ನು ಬರೆಯಿರಿ. ಬರೆದ ಮೇಲೆ ಒಬ್ಬ ಸಹೋದ್ಯೋಗಿಗೆ ಓದಿ ಹೇಳಿ. ಅವರು "ಆಮೇಲೆ ಏನಾಯ್ತು?" ಅಂತ ಕೇಳಿದರೆ ಬರಹ ದಾರಿಯಲ್ಲಿದೆ. ಅವರು ಕೇಳಿದ ಪ್ರಶ್ನೆಗಳ ಉತ್ತರವನ್ನೇ ಲೇಖನಕ್ಕೆ ಸೇರಿಸಿ.

ಈಗ ಮತ್ತೆ ನಿಮ್ಮ ಹುಡುಗನ ಹತ್ತಿರ ಹೋಗೋಣ. ಆ ಲೇಖನವನ್ನು ಬಿಡಬೇಡಿ, ಹೊಸದಾಗಿ ಬರೆಯಿರಿ. ಅವತ್ತಿನದು ನೆನಪಿಲ್ಲದಿದ್ದರೆ ಬಿಸಿಲು ಗಟ್ಟಿಯಾದ ಮೇಲೆ ಮತ್ತೆ ಮಾಡಿ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೂರು ಮಿಲಿಲೀಟರ್ ತಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟರೆ ಮೂರೂವರೆ ಗ್ರಾಂ, ಅರ್ಧ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಒಬ್ಬ, ದೂರದ ತೀರದಿಂದ ಒಬ್ಬ ನೀರು ತಂದರೆ ಎರಡು ತಟ್ಟೆಯ ಉಪ್ಪು ಬೇರೆ ಬೇರೆ ಇರಬಹುದು. ನದಿಯ ಸಿಹಿ ನೀರು ಬೆರೆತಲ್ಲಿ ಉಪ್ಪು ಕಡಿಮೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನಡೆಯುವುದೂ ಇದೇ, ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ. ಯಾವ ಮಗುವಾದರೂ ನೋಡಿ ಬಂದಿದ್ದರೆ ಅದರ ಬಾಯಿಂದಲೇ ಹೇಳಿಸಿ.

ಆಮೇಲೆ ಆ ಹುಡುಗ ಸುಮ್ಮನಿರುವುದಿಲ್ಲ, ನೋಡುತ್ತಿರಿ. ನೀರು ಹೋಗಿ ಉಪ್ಪು ಉಳಿಯುವುದಾದರೆ ಸಮುದ್ರ ದಿನಾ ದಿನಾ ಹೆಚ್ಚು ಉಪ್ಪಾಗಬೇಕಲ್ಲ ಅಂತ ಕೇಳುತ್ತಾನೆ. ಆಗ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನೆನಪು ಮಾಡಿ. ಹೋದ ನೀರು ಮಳೆಯಾಗಿ ಘಟ್ಟದ ಮೇಲೆ ಬಿದ್ದು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇನ್ನೊಂದು, "ಮಳೆಯಲ್ಲಿ ಉಪ್ಪು ಇರುವುದೇ ಇಲ್ಲ" ಅಂತ ಗಟ್ಟಿಯಾಗಿ ಬರೆಯಬೇಡಿ. ತೆರೆ ಒಡೆದಾಗ ಹಾರುವ ಸಣ್ಣ ಹನಿಗಳ ಉಪ್ಪು ಗಾಳಿಯಲ್ಲಿ ಸೇರುತ್ತದೆ, ಕರಾವಳಿಯ ಮಳೆಯಲ್ಲಿ ಅದರ ಚೂರು ಅಂಶ ಇದ್ದೇ ಇರುತ್ತದೆ. ನಾಲಿಗೆಗೆ ತಿಳಿಯದಷ್ಟು. ನಿಮ್ಮ ಶಾಲೆಯ ಕಿಟಕಿಯ ಸರಳು ಶಿರಸಿಯ ಶಾಲೆಯದಕ್ಕಿಂತ ಬೇಗ ತುಕ್ಕು ಹಿಡಿಯುವುದಕ್ಕೂ ಗಾಳಿಯ ಆ ಉಪ್ಪೇ ಕಾರಣ. ಆ ಸರಳನ್ನು ಅವನಿಗೆ ತೋರಿಸಿ.

ತಟ್ಟೆ ಒಣಗಿದ ದಿನ ಸಣ್ಣ ಪುಸ್ತಕ ಕೈಯಲ್ಲೇ ಇರಲಿ. ಅವನು ಬಗ್ಗಿ ನೋಡಿ ಮೊದಲು ಆಡುವ ಮಾತನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯೋಣ ಅಂತ ಬಿಟ್ಟರೆ ಬಸ್ಸಿನಲ್ಲಿ ಕೂರುವಷ್ಟರಲ್ಲಿ ಅದು ನಿಮ್ಮ ಮಾತಾಗಿಬಿಟ್ಟಿರುತ್ತದೆ.